ಕಡಲ ದುಂಡಾಣುಗಳಲ್ಲಿ ಹೊಸ ಔಷಧಿಗಳ ಹುಡುಕಾಟ



ಬೇಸಿಗೆಯಲ್ಲಿ ಕಾದ ನೆಲಕ್ಕೆ ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆ ಎಲ್ಲರಿಗೂ ಗೊತ್ತು. ಈ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಇದನ್ನು ತಯಾರಿಸುವವು ಮಣ್ಣಿನಲ್ಲಿ ವಾಸಿಸುವ ಆಕ್ಟಿನೋಮೈಸೀಟ್ಸ್ ಎಂಬ ಗುಂಪಿನ ದುಂಡಾಣುಗಳು. ಬೂಷ್ಟಿನಂತೆ ಎಳೆ ಎಳೆಯಾಗಿ ಬೆಳೆಯುವ ಇವು ಕಸಕಡ್ಡಿ ಕೊಳೆತು ಗೊಬ್ಬರವಾಗಲು ನೆರವಾಗುತ್ತವೆ. ಅಷ್ಟೇ ಅಲ್ಲ, ಮನುಷ್ಯರ ಮತ್ತು ದನಕರುಗಳ ಪ್ರಾಣ ಉಳಿಸುವ ಅನೇಕ ಪ್ರತಿಜೈವಿಕ ಔಷಧಿಗಳು, ಅಂದರೆ ಆಂಟಿಬಯೋಟಿಕ್‌ಗಳು, ಇದೇ ಗುಂಪಿನಿಂದ ದೊರೆತಿವೆ.

ಸ್ಟ್ರೆಪ್ಟೋಮೈಸಿನ್ ಹೆಸರನ್ನು ಕೇಳದ ರೈತರು ಕಡಿಮೆ. ಅಮೆರಿಕದ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾನಿಲಯದಲ್ಲಿ ಸೆಲ್ಮನ್ ವ್ಯಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಸ್ ಅವರು 1943ರಲ್ಲಿ ಇದನ್ನು ಕಂಡುಹಿಡಿದರು. ಇದನ್ನು ಕೊಟ್ಟ ದುಂಡಾಣುವಿನ ಒಂದು ತಳಿ ಚೆನ್ನಾಗಿ ಗೊಬ್ಬರ ತಿಂದ ಹೊಲದ ಮಣ್ಣಿನಲ್ಲಿಯೂ, ಇನ್ನೊಂದು ತಳಿ ಕೋಳಿಯ ಗಂಟಲಿನಲ್ಲಿಯೂ ಸಿಕ್ಕಿದ್ದವು. ಭಾರತದಲ್ಲಿಯೂ ಇಂತಹ ಕೆಲಸ ನಡೆದಿದೆ. ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯಲ್ಲಿ ಎಂ. ಜೆ. ತಿರುಮಲಾಚಾರ್ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ ಮಣ್ಣಿನ ಇದೇ ಗುಂಪಿನ ಜೀವಿಗಳಿಂದ ಹ್ಯಾಮೈಸಿನ್ ಮತ್ತು ಆರಿಯೋಫಂಜಿನ್ ಎಂಬ ಶಿಲೀಂಧ್ರನಾಶಕಗಳನ್ನು ಬೇರ್ಪಡಿಸಿದರು. ಇವುಗಳಲ್ಲಿ ಆರಿಯೋಫಂಜಿನ್ ಬೆಳೆಗಳ ರೋಗಗಳಿಗೂ ಬಳಕೆಗೆ ಬಂದಿತು.

ಇಷ್ಟು ಕೊಟ್ಟ ಮಣ್ಣನ್ನು ಬಿಟ್ಟು ವಿಜ್ಞಾನಿಗಳು ಕಡಲ ತಳದ ಕೆಸರಿಗೆ ಏಕೆ ಕೈ ಹಾಕಿದ್ದಾರೆ, ಅಲ್ಲಿನ ದುಂಡಾಣುಗಳ ವಂಶವಾಹಿಗಳನ್ನು ಏಕೆ ಅಕ್ಷರ ಅಕ್ಷರವಾಗಿ ಓದುತ್ತಿದ್ದಾರೆ, ಇದರಿಂದ ರೈತರು ತಿಳಿಯಬೇಕಾದುದೇನು ಎಂಬುದೇ ಈ ಮಾತುಗಳ ವಿಷಯ.

ಮಣ್ಣಿನ ಹುಡುಕಾಟ ಸೊರಗಿದ್ದೇಕೆ?

ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಮಣ್ಣನ್ನು ಹಲವು ದಶಕಗಳ ಕಾಲ ಜಾಲಾಡಿದ ಮೇಲೆ ಸಿಕ್ಕಿದ್ದೇ ಮತ್ತೆ ಮತ್ತೆ ಸಿಗತೊಡಗಿತು. ವರ್ಷಗಟ್ಟಲೆ ದುಡಿದು ಒಂದು ವಸ್ತುವನ್ನು ಶುದ್ಧಗೊಳಿಸಿ ನೋಡಿದರೆ, ಅದು ಆಗಲೇ ಗೊತ್ತಿರುವ ಔಷಧಿಯಾಗಿರುತ್ತಿತ್ತು. ಹೀಗಾಗಿ ದೊಡ್ಡ ದೊಡ್ಡ ಔಷಧಿ ಕಂಪೆನಿಗಳು ಈ ಕೆಲಸದಿಂದ ಹಿಂದೆ ಸರಿದವು.

ಎರಡನೆಯ ಕಾರಣ ಇದಕ್ಕಿಂತ ಗಂಭೀರವಾದದ್ದು. ರೋಗ ತರುವ ದುಂಡಾಣುಗಳು ಹಳೆಯ ಔಷಧಿಗಳಿಗೆ ಒಗ್ಗಿಕೊಂಡುಬಿಟ್ಟವು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ, ಔಷಧಿಯನ್ನು ಸಾಲದ ಪ್ರಮಾಣದಲ್ಲಿ ಬಳಸಿದರೆ ರೋಗಾಣುಗಳು ಅದಕ್ಕೆ ಜಗ್ಗದಂತೆ ಆಗುತ್ತವೆ ಎಂದು 1945ರ ತಮ್ಮ ನೊಬೆಲ್ ಭಾಷಣದಲ್ಲಿ ಎಚ್ಚರಿಸಿದ್ದರು. ಬ್ರಿಟನ್ನಿನಲ್ಲಿ ಕ್ಷಯರೋಗಿಗಳಿಗೆ ಸ್ಟ್ರೆಪ್ಟೋಮೈಸಿನ್ ಒಂದನ್ನೇ ಕೊಟ್ಟು ನಡೆಸಿದ ಪರೀಕ್ಷೆಯ ವರದಿ 1948ರಲ್ಲಿ ಹೊರಬಂದಿತು. ಮೊದಮೊದಲು ಗುಣ ಕಂಡರೂ, ಕೆಲವೇ ತಿಂಗಳಲ್ಲಿ ಹಲವರಲ್ಲಿ ರೋಗಾಣು ಔಷಧಿಗೆ ಜಗ್ಗದಂತಾಗಿದ್ದುದು ಅದರಲ್ಲಿ ತಿಳಿಯಿತು. ಅಂದಿನಿಂದ ಇಂದಿನವರೆಗೆ ಬಂದ ಬಹುತೇಕ ಎಲ್ಲ ಹೊಸ ಪ್ರತಿಜೈವಿಕಗಳಿಗೂ ಇದೇ ಗತಿ ಒದಗಿದೆ.

ಹಳೆಯ ಔಷಧಿ ಮೊಂಡಾಗುತ್ತಿದೆ, ಹೊಸದು ಸಿಗುವುದು ಕಷ್ಟವಾಗಿದೆ. ಹೊಸ ಜಾಗ, ಹೊಸ ವಿಧಾನ ಎರಡೂ ಬೇಕಾದವು.

ಕಡಲ ತಳದ ಕೆಸರು

ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ ಸುಮಾರು 70 ಪಾಲು ಕಡಲು. ಆದರೂ ಕಡಲಲ್ಲಿ ಸಿಗುವ ಆಕ್ಟಿನೋಮೈಸೀಟ್ಸ್‌ಗಳೆಲ್ಲ ಮಳೆನೀರಿನ ಜೊತೆ ನೆಲದಿಂದ ಕೊಚ್ಚಿಹೋದವು, ಅವುಗಳಲ್ಲಿ ಹೊಸದೇನೂ ಇಲ್ಲ ಎಂದು ಬಹಳ ಕಾಲ ನಂಬಲಾಗಿತ್ತು. ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿರುವ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯ ಪಾಲ್ ಜೆನ್ಸನ್, ವಿಲಿಯಂ ಫೆನಿಕಲ್ ಮತ್ತು ಸಂಗಡಿಗರು ಬಹಾಮಾ ದ್ವೀಪಗಳ ಸುತ್ತಲಿನ ಕಡಲ ಕೆಸರನ್ನು ಪರೀಕ್ಷಿಸಿದಾಗ ಈ ನಂಬಿಕೆ ಸಡಿಲವಾಯಿತು. ಅಲ್ಲಿ ಸಿಕ್ಕ ಒಂದು ಬಗೆಯ ದುಂಡಾಣು ಕಡಲ ನೀರಿಲ್ಲದೆ ಬೆಳೆಯುತ್ತಲೇ ಇರಲಿಲ್ಲ. ಅದು ನೆಲದಿಂದ ಬಂದ ನೆಂಟನಲ್ಲ, ಕಡಲಿನದೇ ಒಕ್ಕಲು ಎಂಬುದು ಖಚಿತವಾಯಿತು. 2005ರಲ್ಲಿ ಅದಕ್ಕೆ ಸಾಲಿನಿಸ್ಪೋರಾ ಎಂಬ ಹೆಸರು ಅಧಿಕೃತವಾಗಿ ದೊರೆಯಿತು.

ಉಪ್ಪುನೀರು, ಆಹಾರದ ಕೊರತೆ, ಅಕ್ಕಪಕ್ಕದಲ್ಲಿ ಲೆಕ್ಕವಿಲ್ಲದಷ್ಟು ಎದುರಾಳಿಗಳು, ಇವೆಲ್ಲದರ ನಡುವೆ ಬದುಕುವ ಇಂತಹ ಜೀವಿ ತನ್ನ ರಕ್ಷಣೆಗೆ ಬಗೆಬಗೆಯ ರಾಸಾಯನಿಕಗಳನ್ನು ತಯಾರಿಸಿಕೊಳ್ಳುವುದು ಸಹಜ. ಸಾಲಿನಿಸ್ಪೋರಾದಿಂದ 2003ರಲ್ಲಿ ಸಾಲಿನೋಸ್ಪೋರಮೈಡ್ ಎಂಬ ವಸ್ತು ವರದಿಯಾಯಿತು. ಇದು ಪ್ರತಿಜೈವಿಕವಲ್ಲ, ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುವ ವಸ್ತು. ಆದರೆ 2006ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಕಡಲ ಸ್ಪಂಜಿನಲ್ಲಿ ವಾಸಿಸುವ ಸಾಲಿನಿಸ್ಪೋರಾ ರಿಫಾಮೈಸಿನ್ ತಯಾರಿಸುತ್ತದೆ ಎಂದು ತಿಳಿಯಿತು. ಕ್ಷಯರೋಗಕ್ಕೆ ಇಂದಿಗೂ ಕೊಡುವ ರಿಫಾಂಪಿಸಿನ್ ಈ ರಿಫಾಮೈಸಿನ್ ವಂಶದ ಔಷಧಿಯೇ. ನೆಲದ ದುಂಡಾಣುವಿನಿಂದ 1950ರ ದಶಕದಲ್ಲಿಯೇ ಗೊತ್ತಾಗಿದ್ದ ವಸ್ತು ಕಡಲಲ್ಲಿಯೂ ಸಿಕ್ಕಿತು. ಅಂದರೆ ಜಾಗ ಹೊಸದಾದ ಮಾತ್ರಕ್ಕೆ ಸಿಕ್ಕುವುದೆಲ್ಲ ಹೊಸದಾಗಿರುವುದಿಲ್ಲ. ಯಾವುದು ಹೊಸದು, ಯಾವುದು ಹಳೆಯದು ಎಂಬುದನ್ನು ಮೊದಲೇ ತಿಳಿಯುವ ದಾರಿಯೂ ಬೇಕು. ಅದೇ ಜೀನೋಮ್ ಓದುವಿಕೆ.

ಜೀನೋಮ್ ಎಂದರೇನು?

ಒಂದು ಬೀಜದಲ್ಲಿ ಆ ಗಿಡ ಹೇಗೆ ಬೆಳೆಯಬೇಕು, ಎಷ್ಟು ದಿನಕ್ಕೆ ಹೂ ಬಿಡಬೇಕು, ಕಾಳು ಯಾವ ಬಣ್ಣದ್ದಾಗಬೇಕು ಎಂಬ ಎಲ್ಲ ಸೂಚನೆಗಳೂ ಅಡಗಿರುತ್ತವೆ. ಈ ಸೂಚನೆಗಳು ಡಿ.ಎನ್.ಎ. ಎಂಬ ಉದ್ದನೆಯ ಎಳೆಯಲ್ಲಿ ನಾಲ್ಕೇ ನಾಲ್ಕು ರಾಸಾಯನಿಕ ಅಕ್ಷರಗಳಲ್ಲಿ ಬರೆದಂತಿರುತ್ತವೆ. ಒಂದೊಂದು ಸೂಚನೆಯೂ ಒಂದೊಂದು ವಂಶವಾಹಿ. ಒಂದು ಜೀವಿಯ ಇಂತಹ ಎಲ್ಲ ಬರಹ ಸೇರಿದರೆ ಅದರ ಜೀನೋಮ್.

ಇದನ್ನು ನಾಟಿ ವೈದ್ಯರ ಮನೆಯ ಹಳೆಯ ಕಡತಕ್ಕೆ ಹೋಲಿಸಬಹುದು. ಊರಿನವರು ಕಂಡಿರುವುದು ವೈದ್ಯರು ದಿನವೂ ಕೊಡುವ ಎರಡೋ ಮೂರೋ ಔಷಧಿಗಳನ್ನು ಮಾತ್ರ. ಆದರೆ ಕಡತ ತೆಗೆದು ಓದಿದರೆ ಅದರಲ್ಲಿ ಇಪ್ಪತ್ತು ಔಷಧಿಗಳ ವಿಧಾನ ಬರೆದಿರಬಹುದು. ಬೇಕಾದ ಸಂದರ್ಭ ಬಾರದೆ ಉಳಿದವುಗಳನ್ನು ಅವರು ತಯಾರಿಸದೆ ಇರಬಹುದು. ದುಂಡಾಣುಗಳ ವಿಷಯವೂ ಹೀಗೆಯೇ ಎಂಬುದು ಜೀನೋಮ್ ಓದಿದಾಗಲೇ ತಿಳಿದದ್ದು.

ಬ್ರಿಟನ್ನಿನ ವಿಜ್ಞಾನಿಗಳು 2002ರಲ್ಲಿ ಸ್ಟ್ರೆಪ್ಟೋಮೈಸಿಸ್ ಸೀಲಿಕಲರ್ ಎಂಬ ಮಣ್ಣಿನ ದುಂಡಾಣುವಿನ ಜೀನೋಮನ್ನು ಪೂರ್ತಿಯಾಗಿ ಓದಿದರು. ಅದರಲ್ಲಿ ಸುಮಾರು 87 ಲಕ್ಷ ಅಕ್ಷರಗಳೂ 7,825 ವಂಶವಾಹಿಗಳೂ ಇದ್ದವು. ಪ್ರಯೋಗಾಲಯದಲ್ಲಿ ಬೆರಳೆಣಿಕೆಯಷ್ಟು ವಸ್ತುಗಳನ್ನು ಮಾತ್ರ ತೋರಿಸಿದ್ದ ಈ ಜೀವಿಯ ಕಡತದಲ್ಲಿ 20ಕ್ಕೂ ಹೆಚ್ಚು ಬಗೆಯ ವಸ್ತುಗಳ ವಿಧಾನ ಅಡಗಿತ್ತು. 2007ರಲ್ಲಿ ಕಡಲಿನ ಸಾಲಿನಿಸ್ಪೋರಾ ಟ್ರಾಪಿಕಾದ ಸರದಿ ಬಂದಿತು. ಅದರ ಜೀನೋಮ್ ಸುಮಾರು 52 ಲಕ್ಷ ಅಕ್ಷರಗಳಷ್ಟು ಚಿಕ್ಕದು. ಆದರೆ ಅದರಲ್ಲಿ ನೂರಕ್ಕೆ ಸುಮಾರು 10 ಪಾಲು ಇಂತಹ ವಿಶೇಷ ರಾಸಾಯನಿಕಗಳ ತಯಾರಿಕೆಗೇ ಮೀಸಲಾಗಿತ್ತು; ಒಟ್ಟು 17 ವಿಧಾನಗಳು ಕಂಡುಬಂದವು. ಒಂದು ಸಣ್ಣ ಹಿಡುವಳಿಯಲ್ಲಿ ಹತ್ತನೆಯ ಒಂದು ಪಾಲನ್ನು ಔಷಧಿ ಗಿಡಗಳಿಗೇ ಬಿಟ್ಟಂತೆ ಇದು.

ಓದುವ ಕ್ರಮ

ಮೊದಲು ಕೆಸರಿನಿಂದ ದುಂಡಾಣುವನ್ನು ಬೇರ್ಪಡಿಸಿ ಕಡಲ ನೀರು ಬೆರೆಸಿದ ಆಹಾರದಲ್ಲಿ ಶುದ್ಧವಾಗಿ ಬೆಳೆಸುತ್ತಾರೆ. ಅದರ ಜೀವಕೋಶ ಒಡೆದು ಡಿ.ಎನ್.ಎ. ತೆಗೆಯುತ್ತಾರೆ. ಯಂತ್ರಗಳು ಇದನ್ನು ತುಂಡು ತುಂಡಾಗಿ ಓದುತ್ತವೆ. ಹರಿದ ಪುಟಗಳನ್ನು ಅಂಚು ನೋಡಿ ಜೋಡಿಸುವಂತೆ ಕಂಪ್ಯೂಟರು ಈ ತುಂಡುಗಳನ್ನು ಜೋಡಿಸುತ್ತದೆ.

ಮುಂದಿನ ಕೆಲಸ ವಿಧಾನಗಳನ್ನು ಗುರುತಿಸುವುದು. ಇಲ್ಲಿ ಒಂದು ಅನುಕೂಲವಿದೆ. ದುಂಡಾಣುಗಳಲ್ಲಿ ಒಂದು ಪ್ರತಿಜೈವಿಕವನ್ನು ತಯಾರಿಸಲು ಬೇಕಾದ ವಂಶವಾಹಿಗಳು ಸಾಮಾನ್ಯವಾಗಿ ಚದುರಿಹೋಗಿರುವುದಿಲ್ಲ. ಬಾಳೆಗೊನೆಯ ಚಿಪ್ಪಿನಂತೆ ಒಂದೇ ಕಡೆ ಗೊಂಚಲಾಗಿರುತ್ತವೆ. ವಸ್ತುವನ್ನು ಕಟ್ಟುವ, ಅದಕ್ಕೆ ರೂಪ ಕೊಡುವ, ಜೀವಕೋಶದಿಂದ ಹೊರಗೆ ಸಾಗಿಸುವ ವಂಶವಾಹಿಗಳೆಲ್ಲ ಅಲ್ಲಿಯೇ ಇರುತ್ತವೆ. ಇಂತಹ ಗೊಂಚಲುಗಳನ್ನು ಹುಡುಕಿ ಕೊಡಲು 2011ರಲ್ಲಿ ಆಂಟಿಸ್ಮ್ಯಾಶ್ ಎಂಬ ಕಂಪ್ಯೂಟರ್ ಕಾರ್ಯಕ್ರಮ ಬಂದಿತು. ಅದು ಉಚಿತವಾಗಿ ದೊರೆಯುತ್ತದೆ. ಸಿಕ್ಕ ಗೊಂಚಲನ್ನು ಆಗಲೇ ಗೊತ್ತಿರುವ ಗೊಂಚಲುಗಳ ಜೊತೆ ಹೋಲಿಸಿದರೆ, ಇದು ಹಳೆಯ ಔಷಧಿಯೋ ಹೊಸದೋ ಎಂಬುದರ ಅಂದಾಜು ಬೇಗನೆ ಸಿಗುತ್ತದೆ. ವರ್ಷಗಟ್ಟಲೆ ದುಡಿದು ಹಳೆಯದನ್ನೇ ಮತ್ತೆ ಕಂಡುಹಿಡಿಯುವ ನಷ್ಟ ಇದರಿಂದ ಎಷ್ಟೋ ತಪ್ಪುತ್ತದೆ.

ಮಲಗಿದ್ದ ವಿಧಾನವನ್ನು ಎಬ್ಬಿಸಿದ ಬಗೆ

ಕಡತದಲ್ಲಿ ವಿಧಾನವಿದ್ದರೂ ದುಂಡಾಣು ಅದನ್ನು ಬಳಸದಿದ್ದರೆ ಏನು ಮಾಡುವುದು? ಇದಕ್ಕೆ ಒಳ್ಳೆಯ ಉದಾಹರಣೆ ಟಾರೋಮೈಸಿನ್. ಲಾ ಹೋಯಾ ಬಳಿಯ ಕಡಲ ಕಣಿವೆಯ ಕೆಸರಿನಲ್ಲಿ ಸಿಕ್ಕ ಸ್ಯಾಕರೋಮೊನೊಸ್ಪೋರಾ ಎಂಬ ದುಂಡಾಣುವಿನ ಜೀನೋಮ್ ಓದಿದಾಗ, ಡ್ಯಾಪ್ಟೋಮೈಸಿನ್ ತಯಾರಿಕೆಯ ಗೊಂಚಲನ್ನು ಹೋಲುವ ಗೊಂಚಲೊಂದು ಕಂಡಿತು. ಡ್ಯಾಪ್ಟೋಮೈಸಿನ್ ಎಂಬುದು ಬೇರೆ ಔಷಧಿಗಳು ಸೋತಾಗ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿಜೈವಿಕ. ಅಮೆರಿಕದಲ್ಲಿ 2003ರಲ್ಲಿ ಅದಕ್ಕೆ ಒಪ್ಪಿಗೆ ದೊರೆತಿತ್ತು. ಆದರೆ ಕಡಲಿನ ಈ ದುಂಡಾಣು ತನ್ನ ಗೊಂಚಲಿನ ವಸ್ತುವನ್ನು ಪ್ರಯೋಗಾಲಯದಲ್ಲಿ ತಯಾರಿಸುತ್ತಿರಲಿಲ್ಲ.

ವಿಜ್ಞಾನಿಗಳು ಸುಮಾರು 67 ಸಾವಿರ ಅಕ್ಷರಗಳ ಆ ಇಡೀ ಗೊಂಚಲನ್ನೇ ಕಿತ್ತು ತೆಗೆದರು. ಅದನ್ನು ಹಿಡಿದಿಡಲು ಬ್ರೆಡ್ಡಿನ ಹಿಟ್ಟು ಹುದುಗಿಸುವ ಯೀಸ್ಟನ್ನು ಬಳಸಿಕೊಂಡರು. ಗೊಂಚಲಿನೊಳಗೆ ತಯಾರಿಕೆಯನ್ನು ತಡೆಯುತ್ತಿದ್ದ ಒಂದು ವಂಶವಾಹಿಯನ್ನು ತೆಗೆದುಹಾಕಿ, ಸಲೀಸಾಗಿ ಬೆಳೆಯುವ ಸ್ಟ್ರೆಪ್ಟೋಮೈಸಿಸ್ ಸೀಲಿಕಲರ್ ಒಳಕ್ಕೆ ಅದನ್ನು ಸೇರಿಸಿದರು. ಆಗ ಟಾರೋಮೈಸಿನ್ ತಯಾರಾಯಿತು. ಒಳ್ಳೆಯ ಮಾವಿನ ಕಡ್ಡಿಯನ್ನು ಗಟ್ಟಿ ಬೇರಿನ ಗಿಡಕ್ಕೆ ಕಸಿ ಕಟ್ಟುವ ರೈತರಿಗೆ ಈ ಉಪಾಯ ಅರ್ಥವಾಗುವುದು ಕಷ್ಟವಲ್ಲ. 2014ರಲ್ಲಿ ವರದಿಯಾದ ಈ ವಸ್ತು, ಮೆಥಿಸಿಲಿನ್ ಔಷಧಿಗೆ ಜಗ್ಗದ ಸ್ಟೆಫೈಲೊಕಾಕಸ್ ಔರಿಯಸ್ ದುಂಡಾಣುವನ್ನು ಪ್ರಯೋಗಾಲಯದಲ್ಲಿ ತಡೆಯಿತು. ಹಸುಗಳ ಕೆಚ್ಚಲು ಬಾವಿಗೆ ಕಾರಣವಾಗುವ ರೋಗಾಣುಗಳಲ್ಲಿ ಇದೇ ಸ್ಟೆಫೈಲೊಕಾಕಸ್ ಔರಿಯಸ್ ಸಹ ಒಂದು ಎಂಬುದನ್ನು ಗಮನಿಸಬೇಕು.

ಆದರೆ ಟಾರೋಮೈಸಿನ್ ಇನ್ನೂ ಔಷಧಿ ಅಂಗಡಿಗೆ ಬಂದಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ರೋಗಾಣುವನ್ನು ತಡೆಯುವುದು ಮೊದಲ ಮೆಟ್ಟಿಲು ಮಾತ್ರ. ಅದು ಪ್ರಾಣಿಗಳಿಗೆ, ಮನುಷ್ಯರಿಗೆ ಅಪಾಯಕಾರಿಯೇ, ಮೈಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ, ಕೈಗೆಟುಕುವ ಬೆಲೆಯಲ್ಲಿ ತಯಾರಿಸಬಹುದೇ ಎಂಬ ಪ್ರಶ್ನೆಗಳೆಲ್ಲ ಅದರ ಮುಂದಿರುತ್ತವೆ. ಇಂತಹ ವಸ್ತುಗಳಲ್ಲಿ ಕೊನೆಯವರೆಗೆ ಉಳಿಯುವವು ಬಹಳ ಕಡಿಮೆ.

ವಿಷ ಮಾಡುವವನಿಗೆ ತನ್ನ ರಕ್ಷಣೆಯೂ ಬೇಕು

ಜೀನೋಮ್ ಓದುವುದರಿಂದ ತಿಳಿದ ಇನ್ನೊಂದು ಸಂಗತಿ ರೈತರಿಗೆ ಬಹಳ ಮುಖ್ಯವಾದದ್ದು. ಪ್ರತಿಜೈವಿಕ ತಯಾರಿಸುವ ದುಂಡಾಣು ತನ್ನ ವಿಷಕ್ಕೆ ತಾನೇ ಬಲಿಯಾಗಬಾರದಲ್ಲವೇ? ಅದಕ್ಕಾಗಿ ಅನೇಕ ವೇಳೆ ಅದೇ ಗೊಂಚಲಿನಲ್ಲಿ ಆತ್ಮರಕ್ಷಣೆಯ ವಂಶವಾಹಿಯೂ ಇರುತ್ತದೆ. ವಿಷ ಮತ್ತು ವಿಷಹಾರಿ ಒಂದೇ ಪೆಟ್ಟಿಗೆಯಲ್ಲಿ ಇದ್ದಂತೆ ಇದು.

ಇದನ್ನೇ ದಾರಿಗಂಬವಾಗಿ ಬಳಸಿ ಸ್ಕ್ರಿಪ್ಸ್ ಸಂಸ್ಥೆಯವರು 86 ಸಾಲಿನಿಸ್ಪೋರಾ ತಳಿಗಳ ಜೀನೋಮ್‌ಗಳನ್ನು ಶೋಧಿಸಿದರು. ಯಾವ ಗೊಂಚಲಿನ ಪಕ್ಕದಲ್ಲಿ ಇಂತಹ ರಕ್ಷಣಾ ವಂಶವಾಹಿ ಇದೆ ಎಂದು ನೋಡುತ್ತಾ ಹೋದಾಗ, ದುಂಡಾಣುಗಳು ಕೊಬ್ಬಿನ ಆಮ್ಲ ತಯಾರಿಸುವುದನ್ನು ತಡೆಯುವ ಥಯೋಲ್ಯಾಕ್ಟೋಮೈಸಿನ್ ಎಂಬ ಪ್ರತಿಜೈವಿಕದ ಗೊಂಚಲು ಸಿಕ್ಕಿತು. ಈ ವಸ್ತು 1982ರಿಂದಲೇ ಗೊತ್ತಿದ್ದರೂ, ಅದನ್ನು ತಯಾರಿಸುವ ವಂಶವಾಹಿಗಳು ಯಾವುವೆಂಬುದು ಖಚಿತವಾದದ್ದು 2015ರ ಈ ಕೆಲಸದಿಂದ.

ಇದರಿಂದ ತಿಳಿಯುವುದೇನು? ಔಷಧಿಗೆ ಜಗ್ಗದಿರುವ ಶಕ್ತಿ ಆಸ್ಪತ್ರೆಯಲ್ಲಿ ಹುಟ್ಟಿದ ಹೊಸ ಪಿಡುಗಲ್ಲ, ಪ್ರತಿಜೈವಿಕಗಳಷ್ಟೇ ಹಳೆಯದು. ಅದಕ್ಕೆ ಬೇಕಾದ ವಂಶವಾಹಿಗಳು ಮಣ್ಣಿನಲ್ಲಿಯೂ ಕಡಲಲ್ಲಿಯೂ ಆಗಲೇ ಇವೆ. ದುಂಡಾಣುಗಳು ಇಂತಹ ವಂಶವಾಹಿಗಳನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಬಲ್ಲವು. ಪ್ರತಿಜೈವಿಕವನ್ನು ಮನಬಂದಂತೆ ಸುರಿದಾಗ ಸಾಧಾರಣ ದುಂಡಾಣುಗಳು ಸತ್ತು, ಈ ವಂಶವಾಹಿ ಇರುವವು ಮಾತ್ರ ಉಳಿದು ಹೆಚ್ಚುತ್ತವೆ. ಚೀನಾದಲ್ಲಿ ಹಂದಿ ಸಾಕಣೆಯಲ್ಲಿ ಕೊಲಿಸ್ಟಿನ್ ಎಂಬ ಔಷಧಿಯನ್ನು ಮೇವಿನೊಡನೆ ಬಳಸುತ್ತಿದ್ದಾಗ, ಅದಕ್ಕೆ ಜಗ್ಗದ ವಂಶವಾಹಿಯೊಂದು ದುಂಡಾಣುವಿನಿಂದ ದುಂಡಾಣುವಿಗೆ ದಾಟುತ್ತಿರುವುದು 2015ರಲ್ಲಿ ಬೆಳಕಿಗೆ ಬಂದಿತು. ಕೊಲಿಸ್ಟಿನ್ ಮನುಷ್ಯರಿಗೆ ಉಳಿದಿರುವ ಕೊನೆಯ ಔಷಧಿಗಳಲ್ಲಿ ಒಂದು. ಆದುದರಿಂದ ಭಾರತ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳು, ಕೋಳಿ, ಮೀನು ಸಾಕಣೆ ಮತ್ತು ಪಶು ಆಹಾರಗಳಿಗಾಗಿ ಕೊಲಿಸ್ಟಿನ್ ತಯಾರಿಕೆ ಮತ್ತು ಮಾರಾಟವನ್ನು ನಿಷೇಧಿಸಿತು.

ಮೀನು ಸಾಕಣೆಯಲ್ಲಿ ಕಡಲ ದುಂಡಾಣು

ಕಡಲ ದುಂಡಾಣುವನ್ನೇ ನೇರವಾಗಿ ಕೆಲಸಕ್ಕೆ ಹಚ್ಚುವ ಪ್ರಯತ್ನವೂ ನಡೆದಿದೆ. ಮೀನುಮರಿಗಳಿಗೆ ವಿಬ್ರಿಯೋ ಎಂಬ ದುಂಡಾಣು ದೊಡ್ಡ ಶತ್ರು. ಫಿಯೋಬ್ಯಾಕ್ಟರ್ ಎಂಬ ಕಡಲ ದುಂಡಾಣು ಟ್ರೋಪೋಡೈಥೈಟಿಕ್ ಆಮ್ಲ ಎಂಬ ಪ್ರತಿಜೈವಿಕವನ್ನು ತಯಾರಿಸಿ ವಿಬ್ರಿಯೋವನ್ನು ತಡೆಯುತ್ತದೆ. ಡೆನ್ಮಾರ್ಕಿನ ವಿಜ್ಞಾನಿಗಳು 2012ರಲ್ಲಿ ಕಾಡ್ ಮೀನಿನ ಮರಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಫಿಯೋಬ್ಯಾಕ್ಟರ್ ಇದ್ದ ನೀರಿನಲ್ಲಿ ಮರಿಗಳು ವಿಬ್ರಿಯೋದಿಂದ ಉಳಿದುಕೊಂಡವು. ಆಮ್ಲ ತಯಾರಿಸುವ ಶಕ್ತಿ ಕಳೆದುಕೊಂಡ ತಳಿ ಅಷ್ಟು ರಕ್ಷಣೆ ಕೊಡಲಿಲ್ಲ. ರಕ್ಷಣೆಯಲ್ಲಿ ಈ ವಸ್ತುವಿನ ಪಾತ್ರವಿದೆ ಎಂಬುದಕ್ಕೆ ಇದು ಪುರಾವೆ. ವಿಬ್ರಿಯೋದಂತಹ ದುಂಡಾಣುಗಳಲ್ಲಿ ಈ ಆಮ್ಲಕ್ಕೆ ನಿರೋಧಕ ಶಕ್ತಿ ಸುಲಭವಾಗಿ ಹುಟ್ಟುವುದಿಲ್ಲ ಎಂಬುದು 2011ರಲ್ಲಿಯೇ ಕಂಡಿತ್ತು.

ಕುಮಟಾ, ಅಂಕೋಲಾ, ಕುಂದಾಪುರ ಕಡೆಯ ಸಿಗಡಿ ಸಾಕಣೆದಾರರಿಗೆ ಇದು ಆಸಕ್ತಿಯ ವಿಷಯ. ಆದರೆ ಕಾಡ್ ಮೀನಿನಲ್ಲಿ ನಡೆದದ್ದು ಉಷ್ಣವಲಯದ ಸಿಗಡಿ ಕೊಳದಲ್ಲಿಯೂ ಹಾಗೆಯೇ ನಡೆಯುತ್ತದೆಂದು ಹೇಳಲಾಗದು. ಕಡಲ ದುಂಡಾಣು ಎಂಬ ಹೆಸರು ಹಚ್ಚಿ ಯಾರಾದರೂ ಡಬ್ಬಿ ತಂದರೆ, ಮೀನುಗಾರಿಕೆ ತಜ್ಞರನ್ನು ಕೇಳದೆ ಕೊಳಕ್ಕೆ ಹಾಕಬಾರದು.

ರೈತರು ಮಾಡಬೇಕಾದದ್ದು

ಕಡಲ ತಳದಿಂದ ಕೆಸರು ತಂದು, ಲಕ್ಷಾಂತರ ಅಕ್ಷರ ಓದಿ, ಮಲಗಿದ್ದ ವಂಶವಾಹಿಯನ್ನು ಎಬ್ಬಿಸಿ ಒಂದು ವಸ್ತು ಪಡೆಯಲು ಎಷ್ಟು ಶ್ರಮವಿದೆ ಎಂಬುದನ್ನು ನೋಡಿದ್ದಾಯಿತು. ಅಂತಹ ಔಷಧಿ ಬರುವವರೆಗೆ ಈಗಿರುವುದನ್ನು ಕಾಪಾಡಿಕೊಳ್ಳಬೇಕು. ಬಂದ ಮೇಲೂ ಕಾಪಾಡಿಕೊಳ್ಳಬೇಕು. ಇದಕ್ಕಾಗಿ ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು.

1. ದನಕರು, ಕುರಿ, ಕೋಳಿಗಳಿಗೆ ಪಶುವೈದ್ಯರ ಸಲಹೆ ಇಲ್ಲದೆ ಪ್ರತಿಜೈವಿಕ ಕೊಡಬಾರದು. ಹಿಂದಿನ ಸಲ ಉಳಿದ ಔಷಧಿಯನ್ನು ಈ ಸಲದ ಕಾಯಿಲೆಗೆ ಬಳಸಬಾರದು. ಕಾಲುಬಾಯಿ ಜ್ವರದಂತಹ ರೋಗಗಳು ವೈರಸ್‌ನಿಂದ ಬರುತ್ತವೆ. ಪ್ರತಿಜೈವಿಕ ವೈರಸ್ಸನ್ನು ಕೊಲ್ಲುವುದಿಲ್ಲ. ಅಂತಹ ರೋಗಕ್ಕೆ ಕಾಲಕಾಲಕ್ಕೆ ಲಸಿಕೆ ಹಾಕಿಸುವುದೇ ಉಪಾಯ.

2. ವೈದ್ಯರು ಹೇಳಿದಷ್ಟು ದಿನ, ಹೇಳಿದಷ್ಟು ಪ್ರಮಾಣದಲ್ಲಿ ಪೂರ್ತಿ ಕೊಡಬೇಕು. ಹಸು ಚೇತರಿಸಿಕೊಂಡಿತೆಂದು ತಾವಾಗಿಯೇ ನಡುವೆ ನಿಲ್ಲಿಸಬಾರದು.

3. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಎಂಬುದನ್ನು ವೈದ್ಯರಲ್ಲಿ ಕೇಳಿ ತಿಳಿದು, ಅಷ್ಟು ದಿನದ ಹಾಲನ್ನು ಡೇರಿಗೆ ಹಾಕಬಾರದು, ಮನೆಯಲ್ಲಿಯೂ ಕುಡಿಯಬಾರದು, ಕರುವಿಗೂ ಕುಡಿಸಬಾರದು. ಇಂತಹ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗದಿರುವುದುಂಟು. ಹೆಪ್ಪಿನಲ್ಲಿರುವ ಉಪಯುಕ್ತ ದುಂಡಾಣುಗಳನ್ನು ಔಷಧಿಯ ಶೇಷ ತಡೆಯುವುದೇ ಇದಕ್ಕೆ ಕಾರಣ.

4. ಕೆಚ್ಚಲು ಬಾವು ಬಾರದಂತೆ ಕೊಟ್ಟಿಗೆಯನ್ನು ಒಣಗಿಸಿ ಶುಚಿಯಾಗಿಡಬೇಕು. ಕೈ ಮತ್ತು ಕೆಚ್ಚಲನ್ನು ತೊಳೆದು, ಒರೆಸಿ ಕರೆಯಬೇಕು. ರೋಗ ತಗಲಿದ ಹಸುವನ್ನು ಕೊನೆಯಲ್ಲಿ ಕರೆಯಬೇಕು.

5. ಭತ್ತ ಮತ್ತು ದಾಳಿಂಬೆಯ ದುಂಡಾಣು ಅಂಗಮಾರಿಗೆ ಸ್ಟ್ರೆಪ್ಟೋಮೈಸಿನ್ ಬೆರೆತ ಔಷಧಿ ಸಿಂಪಡಿಸುವ ರೂಢಿ ಬೆಳೆದುಬಂದಿದೆ. ಬೆಳೆಗಳಲ್ಲಿ ಇವುಗಳ ಬಳಕೆಯನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ಕರಡು ಆದೇಶ ಹೊರಡಿಸಿತು. ರೋಗ ನಿರೋಧಕ ತಳಿ ಅಥವಾ ರೋಗವಿಲ್ಲದ ಸಸಿ ಆರಿಸಿಕೊಳ್ಳುವುದು, ಭತ್ತಕ್ಕೆ ಸಾರಜನಕವನ್ನು ಮಿತಿಯಲ್ಲಿ ಹಲವು ಕಂತುಗಳಲ್ಲಿ ಕೊಡುವುದು, ದಾಳಿಂಬೆಯಲ್ಲಿ ರೋಗದ ರೆಂಬೆಗಳನ್ನು ಕತ್ತರಿಸಿ ಸುಡುವುದು ಮತ್ತು ಚಾಟನಿ ಕತ್ತರಿಯನ್ನು ಶುದ್ಧಗೊಳಿಸುವುದು, ಇವುಗಳ ಕಡೆಗೆ ಹೆಚ್ಚಿನ ಗಮನ ಕೊಡಬೇಕು.

6. ಸಿಗಡಿ ಮತ್ತು ಮೀನಿನ ಕೊಳಗಳಲ್ಲಿ ನಿಷೇಧಿತ ಪ್ರತಿಜೈವಿಕಗಳನ್ನು ಬಳಸಲೇಬಾರದು. ಶೇಷ ಕಂಡರೆ ಆಮದು ಮಾಡಿಕೊಳ್ಳುವ ದೇಶಗಳು ಸರಕನ್ನು ಹಿಂದಿರುಗಿಸುತ್ತವೆ. ರೋಗವಿಲ್ಲದ ಮರಿ, ಮಿತವಾದ ಬಿತ್ತನೆ, ಶುದ್ಧ ನೀರು, ಹಿತಮಿತವಾದ ಆಹಾರ, ಇವೇ ಮೊದಲ ಔಷಧಿ.

ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆ ಮತ್ತು ಹಾಲಿನ ಸಂಘಗಳ ಸಭೆಗಳಲ್ಲಿ ಈ ವಿಷಯವನ್ನು ತಿಳಿಸಿ ಹೇಳಬೇಕು. ಔಷಧಿಯ ಹೆಸರು, ಕೊಟ್ಟ ದಿನ, ಹಾಲು ಬಿಡಬೇಕಾದ ದಿನಗಳ ಲೆಕ್ಕವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುವಂತೆ ಹೇಳಿಕೊಟ್ಟರೂ ಬಹಳ ಪ್ರಯೋಜನವಾಗುತ್ತದೆ.

ಕಡಲ ದುಂಡಾಣುಗಳ ಕಡತದಲ್ಲಿ ಇನ್ನೂ ಓದದ ಪುಟಗಳು ಬಹಳ ಇವೆ. ಅವುಗಳಿಂದ ಮುಂದೆ ಹೊಸ ಔಷಧಿಗಳು ಬರಬಹುದೆಂಬ ಭರವಸೆ ವಿಜ್ಞಾನಿಗಳಿಗಿದೆ. ಆ ಔಷಧಿಗಳು ಎಷ್ಟು ಕಾಲ ಕೆಲಸ ಮಾಡುತ್ತವೆ ಎಂಬುದು ಆಸ್ಪತ್ರೆಗಳಲ್ಲಿ ಎಷ್ಟು ನಿರ್ಧಾರವಾಗುತ್ತದೋ, ಹಳ್ಳಿಯ ಕೊಟ್ಟಿಗೆ, ಕೋಳಿ ಮನೆ, ಕೊಳ ಮತ್ತು ತೋಟಗಳಲ್ಲಿಯೂ ಅಷ್ಟೇ ನಿರ್ಧಾರವಾಗುತ್ತದೆ.